ನಾಕೆಯ ಸುಂಕ, ಲೆವಿಯ ಜೋಳ, ಗಸ್ತಿಯ ಬೀಗ

ಪ್ರತಿ ವರ್ಷ ಸೆಪ್ಟೆಂಬರ್ 17ರಂದು ಬೀದರ, ಭಾಲ್ಕಿ, ಔರಾದಗಳಲ್ಲಿ ಧ್ವಜ ಏರುತ್ತದೆ. ಅಂದಿನ ಭಾಷಣಗಳಲ್ಲಿ ಮುಖ್ಯವಾಗಿ ಕೇಳಿಬರುವ ಹೆಸರುಗಳು ಮೂರು: ರಜಾಕಾರರ ನಾಯಕ ಖಾಸಿಂ ರಜ್ವಿ, ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ಸರ್ದಾರ್ ಪಟೇಲ್. ಕಥೆ 1947ರ ಆಗಸ್ಟ್ 15ರಂದು ಶುರುವಾಗಿ ಹದಿಮೂರು ತಿಂಗಳಲ್ಲಿ ಮುಗಿದುಹೋಗುತ್ತದೆ. ಕೇಳುವವರಿಗೆ ಇದು ಇಬ್ಬರು ಹಟಮಾರಿಗಳ ಜಗಳದಂತೆ, ಇಲ್ಲವೇ ಎರಡು ಧರ್ಮಗಳ ಜಗಳದಂತೆ ಕಾಣುವುದು ಸಹಜ.

ಆದರೆ ಒಂದು ಸೀಮೆಯ ಜನ ಹದಿಮೂರು ತಿಂಗಳಲ್ಲಿ ಸಿಡಿದೇಳುವುದಿಲ್ಲ. ಬೀದರ ಸೀಮೆಯ ಹಳಬರ ಮಾತಿನಲ್ಲಿ ರಜಾಕಾರರಿಗಿಂತ ಮೊದಲು ಬರುತ್ತಿದ್ದ ಬೇರೆ ಮೂರು ಪದಗಳಿವೆ: ಕರೋಡಗಿರಿ, ಲೆವಿ, ಗಸ್ತಿ. ಮೊದಲನೆಯದು ಗಡಿ ಸುಂಕ, ಎರಡನೆಯದು ರೈತನ ಕಣದಿಂದ ಕಡ್ಡಾಯವಾಗಿ ಎತ್ತುತ್ತಿದ್ದ ಧಾನ್ಯ, ಮೂರನೆಯದು ಸರ್ಕಾರದ ಸುತ್ತೋಲೆ. ಒಂದು ಕಿಸೆಗೆ, ಒಂದು ಕಣಜಕ್ಕೆ, ಇನ್ನೊಂದು ಬಾಯಿಗೆ ಕೈ ಹಾಕಿತು. ಇವು ಮೂರೂ ಒಂದರ ಮೇಲೊಂದು ಕೂಡಿಕೊಂಡ ಬಗೆಯನ್ನು ನೋಡಿದರೆ 1948ರ ಸಿಟ್ಟು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ. ಅದು ಕೊನೆಗೆ ತಪ್ಪು ಬಾಗಿಲನ್ನೂ ಹೇಗೆ ತಟ್ಟಿತು ಎಂಬುದು ಕೂಡ.

ಎರಡು ನೊಗ

ಹೈದರಾಬಾದ್ ಸಂಸ್ಥಾನ ಹೆಸರಿಗೆ ಸ್ವತಂತ್ರ. 1798ರಲ್ಲಿ ನಿಜಾಮ ಈಸ್ಟ್ ಇಂಡಿಯಾ ಕಂಪನಿಯ ಜೊತೆ ಸಹಾಯಕ ಸೈನ್ಯದ ಒಪ್ಪಂದಕ್ಕೆ ರುಜು ಹಾಕಿದ ಮೇಲೆ ಅದರ ನೆತ್ತಿಯ ಮೇಲೆ ಕಲ್ಕತ್ತೆಯ ನೆರಳು ಬಿತ್ತು. ಕಂಪನಿಯ ಅಧಿಕಾರಿಗಳು ನಡೆಸುವ ಸೈನ್ಯ, ಅದರ ಖರ್ಚು ನಿಜಾಮನದು. ಬೊಕ್ಕಸದಲ್ಲಿ ಹಣವಿಲ್ಲ. ಆಗ ದರ್ಬಾರಿನ ಹಣಕಾಸು ನೋಡುತ್ತಿದ್ದವನು ರಾಜಾ ಚಂದೂಲಾಲ್. ಅವನು ಸಾಲಕ್ಕೆ ಕೈ ಚಾಚಿದ್ದು ಹೈದರಾಬಾದಿನಲ್ಲೇ ಅಂಗಡಿ ತೆರೆದಿದ್ದ ಪಾಮರ್ ಕಂಪನಿಯ ಮುಂದೆ. ಶೇಕಡಾ ಇಪ್ಪತ್ತನ್ನೂ ಮೀರಿದ ಬಡ್ಡಿ. ಸಾಲ ತೀರಿಸಲು ತಾಲ್ಲೂಕುಗಳ ಕಂದಾಯವನ್ನೇ ಗುತ್ತಿಗೆ ಕೊಡುವುದು, ಗುತ್ತಿಗೆ ಹಿಡಿದವನು ಮುಂಗಡ ಕಟ್ಟಿ ಆಮೇಲೆ ರೈತನಿಂದ ಸಿಕ್ಕಷ್ಟು ಹಿಂಡಿಕೊಳ್ಳುವುದು. ಹೆಚ್ಚು ಹಣ ಕೊಡುವ ಇನ್ನೊಬ್ಬ ಸಿಕ್ಕರೆ ವರ್ಷದ ನಡುವೆಯೇ ಗುತ್ತಿಗೆ ಕೈ ಬದಲಾಗುತ್ತಿತ್ತು. ಹಾಗಾಗಿ ಅವನಿಗೆ ಮುಂದಿನ ವರ್ಷದ ಬೆಳೆಯ ಚಿಂತೆ ಇರಲಿಲ್ಲ. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಈ ಪಾಮರ್ ವ್ಯವಹಾರವನ್ನು ಬಯಲಿಗೆಳೆದದ್ದು ಕಂಪನಿಯ ಆಡಳಿತವನ್ನೇ ಅಲ್ಲಾಡಿಸಿದ ಪ್ರಕರಣ.

ಅದೇ 1820ರಲ್ಲಿ ಬೀದರ ಸೀಮೆಯಲ್ಲಿ ದೇಶಮುಖರ ಬಂಡಾಯ ನಡೆಯಿತು. ಶಿವಲಿಂಗಯ್ಯ, ತಿರುಮಲರಾವ್, ಮೇಘಶ್ಯಾಮ ಎಂಬ ಹೆಸರುಗಳು ಕರ್ನಾಟಕದ ಆರಂಭದ ಬಂಡಾಯಗಳ ಪಟ್ಟಿಯಲ್ಲಿ ಸೇರಿವೆ. ಕಾರಣ ಕಂದಾಯದ ಹಿಂಸೆ. ಬಂಡಾಯವನ್ನು ಅಡಗಿಸಿದವನು ನಿಜಾಮನ ಸೈನ್ಯದಲ್ಲಿದ್ದ ಸದರ್‌ಲೆಂಡ್ ಎಂಬ ಬ್ರಿಟಿಷ್ ಅಧಿಕಾರಿ. ಯಾವ ಸೈನ್ಯದ ಖರ್ಚಿಗಾಗಿ ಕಂದಾಯ ಏರಿತೋ ಅದೇ ಬಗೆಯ ಸೈನ್ಯ ಬಂದು ಕಂದಾಯ ಕೊಡದವರನ್ನು ಬಗ್ಗುಬಡಿಯಿತು. ಸಂಸ್ಥಾನದ ರೈತ ಎರಡು ನೊಗ ಹೊತ್ತಿದ್ದ ಎನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಸೈನ್ಯದ ಬಾಕಿ ಬೆಳೆಯುತ್ತಲೇ ಹೋಗಿ, 1853ರಲ್ಲಿ ಬೇರಾರ್ ಪ್ರಾಂತ್ಯವನ್ನೇ ಕಂಪನಿಯ ವಶಕ್ಕೆ ಒಪ್ಪಿಸಬೇಕಾಯಿತು.

ಅದೇ ವರ್ಷ ದಿವಾನನಾದ ಒಂದನೆಯ ಸಾಲಾರ್ ಜಂಗ್ ಗುತ್ತಿಗೆ ಪದ್ಧತಿಯನ್ನು ಕಿತ್ತುಹಾಕಿದ. 1865ರಲ್ಲಿ ಜಿಲ್ಲೆಗಳು ರೂಪುಗೊಂಡವು, ಸಂಬಳದ ಅಧಿಕಾರಿಗಳು ಬಂದರು, ಮುಂದೆ ಮುಂಬಯಿ ಮಾದರಿಯಲ್ಲಿ ಭೂಮಾಪನವೂ ಆಯಿತು. ಇದು ದೊಡ್ಡ ಸುಧಾರಣೆ, ಅನುಮಾನವಿಲ್ಲ. (ಬೀದರಿಗೆ ಭೂಮಾಪನ ಹೊಸದೇನಲ್ಲ. ಹದಿನೈದನೆಯ ಶತಮಾನದಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಹೊಲಗಳನ್ನು ಅಳೆಸಿ ಕಂದಾಯ ಗೊತ್ತುಮಾಡಿಸಿದ್ದ. ಅವನ ಮದರಸಾ ಇಂದಿಗೂ ಊರ ನಡುವೆ ನಿಂತಿದೆ. ಅವನ ತಲೆ ಮಾತ್ರ 1481ರಲ್ಲಿ ಉರುಳಿತು. ಆದಾಯ ತಪ್ಪಿದವರು ಸುಮ್ಮನಿರುವುದಿಲ್ಲ.)

ಸಾಲಾರ್ ಜಂಗನ ಸುಧಾರಣೆ ಎಲ್ಲ ನೆಲಕ್ಕೂ ತಲುಪಲಿಲ್ಲ. ಸರ್ಕಾರ ನೇರವಾಗಿ ನೋಡಿಕೊಳ್ಳುತ್ತಿದ್ದ ದಿವಾನಿ ಭೂಮಿ ಸಂಸ್ಥಾನದಲ್ಲಿ ಸುಮಾರು ಶೇಕಡಾ 60 ಮಾತ್ರ. ಹತ್ತನೆಯ ಒಂದು ಪಾಲು ನಿಜಾಮನ ಸ್ವಂತ ಖರ್ಚಿನ ಸರ್ಫೆ ಖಾಸ್. ಉಳಿದದ್ದು ಜಾಗೀರು ಮತ್ತು ಪಾಯಗಾಗಳದು. ಪಾಯಗಾ ಎಂದರೆ ನಿಜಾಮನ ಹತ್ತಿರದ ಬಂಧುಗಳಾದ ಅಮೀರರ ಉಂಬಳಿ. ಅವರಿಗೆ ತಮ್ಮದೇ ಕಂದಾಯ ಕಚೇರಿ, ತಮ್ಮದೇ ಪೊಲೀಸರು, ತಮ್ಮದೇ ಅದಾಲತ್ತು. ಬೀದರ ಜಿಲ್ಲೆಯ ಬಹುದೊಡ್ಡ ಪಾಲು ಇಂಥ ಕೈಗಳಲ್ಲಿತ್ತು. ಚಿಟಗುಪ್ಪ ಪಾಯಗಾ, ಕಲ್ಯಾಣ ನವಾಬರ ಜಾಗೀರು. ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವಷ್ಟರಲ್ಲಿ ಒಡೆಯ ಬದಲಾಗಬಹುದಿತ್ತು. ದಿವಾನಿ ಹಳ್ಳಿಯ ರೈತನ ಪಟ್ಟಿ ಗೊತ್ತಾದ ಲೆಕ್ಕದ್ದು. ಜಾಗೀರಿನ ರೈತನಿಗೆ ಎಷ್ಟೋ ಕಡೆ ಜಾಗೀರದಾರನ ಕಾರಭಾರಿ ಹೇಳಿದ್ದೇ ಲೆಕ್ಕ. ಅದರ ಮೇಲೆ ನಜರಾಣೆ, ಮದುವೆ ಮುಂಜಿಯ ಕಾಣಿಕೆ, ಬಿಟ್ಟಿ ಚಾಕರಿ. ಅನ್ಯಾಯವಾದರೆ ದೂರು ಕೊಡಬೇಕಾದ ಕಚೇರಿಯೂ ಅದೇ ಒಡೆಯನದು.

ನಾಕೆಯಲ್ಲಿ ನೂರಕ್ಕೆ ಐದು

ಕರೋಡಗಿರಿ ಎಂಬ ಹೆಸರನ್ನು ಈಗಿನ ಹುಡುಗರು ಕೇಳಿರಲಿಕ್ಕಿಲ್ಲ. ಹೈದರಾಬಾದಿಗೆ ತನ್ನದೇ ಸುಂಕದ ಗಡಿ ಇತ್ತು. 1802ರ ವ್ಯಾಪಾರ ಒಪ್ಪಂದದಿಂದ ಬಂದ ದರ ನೂರಕ್ಕೆ ಐದು. ಒಳಗೆ ಬರುವ ಸರಕಿಗೂ, ಹೊರಗೆ ಹೋಗುವ ಸರಕಿಗೂ ಸುಂಕ. ಬೀದರದ ವ್ಯಾಪಾರಿಗೆ ಸೊಲ್ಲಾಪುರವೇ ದೊಡ್ಡ ಪೇಟೆ. ಹುಮನಾಬಾದಿನಿಂದ ನಳದುರ್ಗದ ಹಾದಿ ಹಿಡಿದು ಹೋದರೆ ಗಡಿಯ ನಾಕೆ ಎದುರಾಗುತ್ತಿತ್ತು. ಬಂಡಿ ನಿಲ್ಲಿಸಬೇಕು, ಮೂಟೆ ಬಿಚ್ಚಬೇಕು, ಬೆಲೆ ಎಷ್ಟೆಂದು ಕಾರಕೂನ ನಿರ್ಧರಿಸಬೇಕು. ದರ ಐದೇ ಇರಬಹುದು. ಆದರೆ ಬೆಲೆ ಕಟ್ಟುವವನು ನಾಕೆಯವನೇ ಆದಾಗ ಆ ಐದು ಎಷ್ಟಾದರೂ ಆಗಬಹುದು. ಮಾಮೂಲು ಎಂಬ ಪದಕ್ಕೆ ನಮ್ಮಲ್ಲಿ ಈಗಿರುವ ಅರ್ಥ ಇಂಥ ನಾಕೆಗಳಲ್ಲೇ ಪಕ್ಕಾ ಆಗಿರಬೇಕು.

ಇದರ ಜೊತೆಗೆ ನಾಣ್ಯದ ತೊಡಕು. ಸಂಸ್ಥಾನದಲ್ಲಿ ನಡೆಯುತ್ತಿದ್ದುದು ಹಾಲಿ ಸಿಕ್ಕಾ, ಅಂದರೆ ಉಸ್ಮಾನಿಯಾ ರೂಪಾಯಿ. ಗಡಿಯಾಚೆ ಕಲ್ದಾರ್, ಬ್ರಿಟಿಷರ ರೂಪಾಯಿ. ಆರು ಕಲ್ದಾರಿಗೆ ಸುಮಾರು ಏಳು ಹಾಲಿ. ಬದಲಿಸುವಾಗಲೆಲ್ಲ ಸರಾಫನ ವಟ್ಟ. 1930ರ ಸುಮಾರಿಗೆ ವಿಕಾರಾಬಾದಿನಿಂದ ಬೀದರಿಗೆ ರೈಲು ಬಂತು, ಬೇಗನೆ ಭಾಲ್ಕಿ, ಕಮಲನಗರ, ಉದಗೀರ ದಾಟಿ ಪರಳಿಯ ಕಡೆಗೂ ಹೋಯಿತು. ಹತ್ತಿ, ತೊಗರಿ, ಉದ್ದು ದೂರದ ಪೇಟೆಗಳಿಗೆ ಹೋಗತೊಡಗಿದವು. ಹಾದಿ ಸುಲಭವಾದಷ್ಟೂ ಹಾದಿಗೆ ಅಡ್ಡ ಇಟ್ಟ ಮರದ ತೊಲೆ ಹೆಚ್ಚು ಕಣ್ಣು ಚುಚ್ಚುತ್ತದೆ.

ತೆರಿಗೆ ಯಾರ ಮೇಲೆ ಬೀಳುತ್ತಿತ್ತು ಎಂಬುದನ್ನೂ ನೋಡಬೇಕು. ಬೊಕ್ಕಸದ ದೊಡ್ಡ ಆದಾಯ ಭೂಕಂದಾಯ, ಅದರ ಪಕ್ಕದಲ್ಲೇ ಆಬಕಾರಿ. ಹೆಂಡ, ಸೇಂದಿ ಕುಡಿಯುವವರು ಬಡವರು. ಈಚಲ ಮರ ರೈತನ ಬದುವಿನಲ್ಲೇ ಇದ್ದರೂ ಅದರ ರಸದ ಮೇಲಿನ ಹಕ್ಕು ಹರಾಜು ಹಿಡಿದ ಗುತ್ತೇದಾರನದು. ಕಂದಾಯದ ಮೇಲೆ ರೂಪಾಯಿಗೆ ಒಂದಾಣೆ ಲೋಕಲ್ ಫಂಡ್. ಇಷ್ಟೆಲ್ಲ ಹಳ್ಳಿಯಿಂದ ಎತ್ತಿದ ಸರ್ಕಾರ, ಸಿರಿವಂತರ ವರಮಾನದ ಮೇಲೆ ತೆರಿಗೆ ಹಾಕುವ ಕಾಯಿದೆ ತಂದದ್ದು 1357ನೆಯ ಫಸಲಿಯಲ್ಲಿ. ಫಸಲಿಗೆ 590 ಕೂಡಿಸಿದರೆ ನಮ್ಮ ಇಸವಿ ಬರುತ್ತದೆ: 1947. ಅಂದರೆ ಆಳ್ವಿಕೆಯ ಕೊನೆಯ ವರ್ಷ.

ನಿಜಾಮರ ಪರ ಮಾತನಾಡುವವರು ಇಲ್ಲಿ ನಿಜಾಮಸಾಗರವನ್ನೂ, ರೈಲನ್ನೂ, 1918ರ ಉಸ್ಮಾನಿಯಾ ವಿಶ್ವವಿದ್ಯಾಲಯವನ್ನೂ ನೆನಪಿಸುತ್ತಾರೆ. ನೆನಪಿಸಬೇಕಾದ್ದೇ. ದೇಶೀ ಭಾಷೆಯೊಂದರಲ್ಲಿ ವೈದ್ಯಕೀಯ ಪಾಠ ಹೇಳಿದ ವಿಶ್ವವಿದ್ಯಾಲಯ ಆಗ ಬೇರೆ ಎಲ್ಲಿತ್ತು? ಆದರೆ ಆ ಭಾಷೆ ಉರ್ದು. 1884ರ ಹೊತ್ತಿಗೆ ಪಾರ್ಸಿಯ ಜಾಗಕ್ಕೆ ಬಂದ ಉರ್ದುವೇ ಕಚೇರಿ, ಕೋರ್ಟು, ಮೇಲಿನ ಶಾಲೆಗಳ ಭಾಷೆ. ಊರ ಲೆಕ್ಕವನ್ನು ಪಟವಾರಿ ಊರ ನುಡಿಯಲ್ಲಿ ಬರೆದುಕೊಂಡರೂ ತಹಸೀಲು ದಾಟಿದ ಕಾಗದ ಉರ್ದುವಿನದು. ಕನ್ನಡ, ಮರಾಠಿ, ತೆಲುಗು ಆಡುವ ಸಂಸ್ಥಾನದ ಬಹುಪಾಲು ಜನರಿಗೆ ತಮ್ಮ ಹೊಲದ ಮೇಲೆ ಬಂದ ಜಪ್ತಿ ನೋಟೀಸನ್ನು ಓದಿಸಲು ಇನ್ನೊಬ್ಬನ ಮನೆಗೆ ಹೋಗಬೇಕಿತ್ತು. ಓದಿದವನು ಹೇಳಿದ್ದೇ ಅರ್ಥ.

ಬಾಯಿಗೆ ಬೀಗ

ಇಷ್ಟಾದರೂ ಜನ ಬಹುಕಾಲ ಮಾಡಿದ್ದು ಅರ್ಜಿ ಬರೆಯುವ ಕೆಲಸವನ್ನೇ. ಅದೂ ಸಹಿಸಲಾಗದೆ ಹೋದಾಗ ಕಥೆ ತಿರುವು ಪಡೆಯುತ್ತದೆ. 1924ರಲ್ಲಿ ಖಾಸಗಿ ಶಾಲೆಗಳಿಗೆ ಮೊದಲೇ ಸರ್ಕಾರದ ಅಪ್ಪಣೆ ಬೇಕೆಂಬ ನಿಯಮ ಬಂತು. 1929ರ ಸುಮಾರಿಗೆ ಬಂದದ್ದು ಗಸ್ತಿ ನಿಶಾನ್ 53, ಎಂದರೆ ಐವತ್ತಮೂರನೆಯ ನಂಬರಿನ ಸುತ್ತೋಲೆ. ಸಾರ್ವಜನಿಕ ಸಭೆ ಸೇರುವ ಮುನ್ನ ಅಪ್ಪಣೆ ಪಡೆಯಬೇಕು ಎಂಬುದು ಅದರ ತಿರುಳು. ಶಾಸನಸಭೆಯಲ್ಲಿ ಚರ್ಚೆಯಾದ ಕಾಯಿದೆಯಲ್ಲ, ಕಚೇರಿಯಿಂದ ಹೊರಟ ಒಂದು ಕಾಗದ. 1893ರಿಂದ ಶಾಸನ ಪರಿಷತ್ತು ಎಂಬುದೊಂದು ಇತ್ತಾದರೂ ಅದರಲ್ಲಿ ಬೀದರದ ರೈತನ ಪರವಾಗಿ ಎದ್ದು ನಿಲ್ಲುವವರು ಯಾರೂ ಇರಲಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ಅಮೆರಿಕದಲ್ಲಿ ನೆಲೆಸಿದ್ದ ಇಂಗ್ಲಿಷರು ತಮ್ಮದೇ ರಾಜನ ವಿರುದ್ಧ ತಿರುಗಿಬಿದ್ದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1765ರಲ್ಲಿ ಲಂಡನ್ನಿನ ಸಂಸತ್ತು ಅಮೆರಿಕದ ವಸಾಹತುಗಳ ಕಾಗದಪತ್ರಗಳ ಮೇಲೆ ಸ್ಟಾಂಪ್ ತೆರಿಗೆ ಹೇರಿತು. ಮೊತ್ತ ಭಾರಿಯದಲ್ಲ. ಇಂಗ್ಲೆಂಡಿನಲ್ಲಿದ್ದವರು ಇವರಿಗಿಂತ ಹೆಚ್ಚೇ ಕಟ್ಟುತ್ತಿದ್ದರು. ‘ನಮ್ಮ ಪ್ರತಿನಿಧಿ ಇಲ್ಲದ ಸಭೆ ನಮ್ಮ ಕಿಸೆಗೆ ಕೈ ಹಾಕುವುದು ಹೇಗೆ’ ಎಂಬುದು ಅವರ ತಕರಾರು. ಮರುವರ್ಷ ತೆರಿಗೆ ರದ್ದಾಯಿತು. ಆದರೆ ಅದರ ಜೊತೆಗೇ, ಬೇಕಾದ ಕಾಯಿದೆ ಮಾಡುವ ಅಧಿಕಾರ ನಮಗಿದೆ ಎಂದು ಸಂಸತ್ತು ಸಾರಿತು. ಮುಂದೆ ಚಹದ ಕಾಯಿದೆ, 1773ರಲ್ಲಿ ಬಾಸ್ಟನ್ ಬಂದರಿನಲ್ಲಿ ಚಹದ ಪೆಟ್ಟಿಗೆಗಳು ಸಮುದ್ರಪಾಲು. ಆ ಚಹ ಕೂಡ ಈಸ್ಟ್ ಇಂಡಿಯಾ ಕಂಪನಿಯದೇ! ಅದಕ್ಕೆ ಶಿಕ್ಷೆಯಾಗಿ 1774ರಲ್ಲಿ ಬಂದರನ್ನೇ ಮುಚ್ಚುವ ಕಾಯಿದೆ ಬಂತು, ಮಸಾಚುಸೆಟ್ಸಿನ ಊರ ಸಭೆಗಳ ಮೇಲೆ ನಿರ್ಬಂಧ ಬಂತು. ಅಲ್ಲಿಯವರೆಗೆ ತಮ್ಮ ತಮ್ಮಲ್ಲೇ ಜಗಳವಾಡುತ್ತಿದ್ದ ವಸಾಹತುಗಳನ್ನು ಒಂದುಗೂಡಿಸಿದ್ದು ಈ ದಂಡನೆಯ ಕಾಯಿದೆಗಳು. ಮರುವರ್ಷ ಯುದ್ಧ. ತೆರಿಗೆಯಿಂದ ಗೊಣಗಾಟ ಹುಟ್ಟಿತು, ಗೊಣಗಬಾರದೆಂಬ ಕಾಯಿದೆಯಿಂದ ದಂಗೆ.

ಗಸ್ತಿ 53 ಮಾಡಿದ್ದೂ ಇದನ್ನೇ. ಸಭೆ ನಿಂತಾಗ ಜನ ಭಜನೆಗೆ, ವಾಚನಾಲಯಕ್ಕೆ, ಗಣೇಶೋತ್ಸವಕ್ಕೆ, ಶಾಲೆಗೆ ಸರಿದರು. 1930ರಲ್ಲಿ ಬೀದರಿಗೆ ಹತ್ತಿರದ ಜೋಗಿಪೇಟೆಯಲ್ಲಿ ಆಂಧ್ರ ಮಹಾಸಭೆ ಸೇರಿತು. ಅದೇ ದಶಕದಲ್ಲಿ ಮಹಾರಾಷ್ಟ್ರ ಪರಿಷತ್ತು, ಕರ್ನಾಟಕ ಪರಿಷತ್ತುಗಳೂ ಎದ್ದವು. ಹೆಸರಿಗೆ ಭಾಷೆ, ಶಿಕ್ಷಣ, ಸಮಾಜ ಸುಧಾರಣೆ. ಒಳಗಿನ ಮಾತು ಎಲ್ಲರಿಗೂ ಗೊತ್ತಿತ್ತು. ಕಲಬುರ್ಗಿಯಲ್ಲಿ 1907ರಿಂದ ನೂತನ ವಿದ್ಯಾಲಯ, ರಾಯಚೂರಿನಲ್ಲಿ ಪಂಡಿತ ತಾರಾನಾಥರ ಹಮ್‌ದರ್ದ್ ಶಾಲೆ. ನಮ್ಮ ಸೀಮೆಯಲ್ಲಿ ಈ ಕೆಲಸ ಮಾಡಿದವರು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು. ಔರಾದ ಸೀಮೆಯ ಕಮಲನಗರದಲ್ಲಿ 1930ರ ದಶಕದಲ್ಲೇ ಶಾಲೆ ತೆರೆದರು. ಹೊರಗೆ ಉರ್ದು ಫಲಕ, ಒಳಗೆ ಕನ್ನಡ ಪಾಠ ಎಂದು ಭಾಲ್ಕಿಯ ಜನ ಇವತ್ತಿಗೂ ಅಭಿಮಾನದಿಂದ ಹೇಳಿಕೊಳ್ಳುವುದು ಆ ದಿನಗಳ ಬಗ್ಗೆಯೇ. ಕನ್ನಡ ಅಕ್ಷರ ಕಲಿಸುವುದೂ ಮರೆಯಲ್ಲಿ ಮಾಡಬೇಕಾದ ಕೆಲಸವಾದ ಮೇಲೆ, ಅಕ್ಷರ ಕಲಿತ ಹುಡುಗ ಸರ್ಕಾರವನ್ನು ಯಾವ ಕಣ್ಣಿನಿಂದ ನೋಡಿಯಾನು?

1938ರಲ್ಲಿ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ ಕಟ್ಟುವ ಪ್ರಯತ್ನ ನಡೆದಾಗ ಸರ್ಕಾರ ಅದು ಹುಟ್ಟುವ ಮೊದಲೇ, ಸೆಪ್ಟೆಂಬರಿನಲ್ಲಿ, ನಿಷೇಧಿಸಿತು. ಅಕ್ಟೋಬರಿನಲ್ಲಿ ಸತ್ಯಾಗ್ರಹ ಶುರುವಾಯಿತು, ಎರಡು ತಿಂಗಳಲ್ಲಿ ನಿಂತಿತು. ಆರ್ಯಸಮಾಜ ತನ್ನ ಹವನ, ಮೆರವಣಿಗೆ, ಪ್ರವಚನಗಳ ಮೇಲಿನ ನಿರ್ಬಂಧದ ವಿರುದ್ಧ 1939ರಲ್ಲಿ ದೇಶದ ಮೂಲೆಮೂಲೆಯಿಂದ ಸತ್ಯಾಗ್ರಹಿಗಳನ್ನು ಕರೆತಂದಿತು. ಅದಕ್ಕೂ ಮೊದಲೇ, 1938ರ ಡಿಸೆಂಬರಿನಲ್ಲಿ, ಉದಗೀರದ ಆರ್ಯಸಮಾಜದ ಮುಖಂಡ ಭಾಯಿ ಶ್ಯಾಮಲಾಲರು ಬೀದರದ ಜೈಲಿನಲ್ಲಿ ತೀರಿಕೊಂಡರು. ಉದಗೀರ ಆಗ ಬೀದರ ಜಿಲ್ಲೆಯಲ್ಲೇ ಇತ್ತು. ರಾಜಕೀಯ ಸಭೆಗೆ ದಾರಿ ಮುಚ್ಚಿದಾಗ ಧಾರ್ಮಿಕ ಸಭೆಯೇ ರಾಜಕೀಯದ ದಾರಿಯಾಯಿತು. ಇದರ ಬೆಲೆ ಮುಂದೆ ತೆರಬೇಕಾಯಿತು. ಕಂದಾಯ, ಸುಂಕಗಳ ಬಗ್ಗೆ ಇದ್ದ ಜಗಳಕ್ಕೆ ಮತದ ಬಣ್ಣ ಹತ್ತತೊಡಗಿದ್ದು ಇಲ್ಲಿಂದ.

ಅರ್ಥವಿದ್ದ ಬೇರೆ ದಾರಿಯೂ ಇತ್ತು. 1930ರ ದಶಕದ ನಡುವಿನಲ್ಲಿ ಹಿಂದೂಗಳೂ ಮುಸ್ಲಿಮರೂ ಕೂಡಿ ನಿಜಾಮರ ಪ್ರಜೆಗಳ ಸಂಘವೊಂದನ್ನು ಕಟ್ಟಿದ್ದರು. ಉತ್ತರದಿಂದ ಬಂದು ದೊಡ್ಡ ಹುದ್ದೆ ಹಿಡಿದವರ ಬದಲು ಮುಲ್ಕಿಗಳಿಗೆ, ಅಂದರೆ ನೆಲದ ಮಕ್ಕಳಿಗೆ, ಅಧಿಕಾರ ಸಿಗಲಿ ಎಂಬುದು ಅವರ ಬೇಡಿಕೆ. ಅದು ಹೆಚ್ಚು ಕಾಲ ಬಾಳಲಿಲ್ಲ. 1937ರಲ್ಲಿ ಅರವಮುದು ಅಯ್ಯಂಗಾರ್ ಸಮಿತಿ ನೇಮಕವಾಗಿ, 1939ರ ಜುಲೈನಲ್ಲಿ ಸುಧಾರಣೆಗಳು ಪ್ರಕಟವಾದವು. ಆದರೆ ಹೊಸ ಶಾಸನಸಭೆ ಮಂತ್ರಿಗಳನ್ನು ಇಳಿಸುವಂತಿರಲಿಲ್ಲ. ಯುದ್ಧದ ನೆಪದಲ್ಲಿ ಅದೂ ಮುಂದಕ್ಕೆ ಹೋಗಿ, 1946ರ ಕೊನೆಗೆ ಚುನಾವಣೆ ನಡೆದಾಗ ಸ್ಟೇಟ್ ಕಾಂಗ್ರೆಸ್ ಬಹಿಷ್ಕರಿಸಿತು. ಏಳು ವರ್ಷ ತಡವಾಗಿ ಬಂದ ಅರ್ಧ ರೊಟ್ಟಿ ಯಾರಿಗೂ ರುಚಿಸಲಿಲ್ಲ.

ಕಣದ ಬಾಗಿಲಿಗೆ ಬಂದ ಸರ್ಕಾರ

ಪಟ್ಟಣದ ವಕೀಲ, ವ್ಯಾಪಾರಿ, ವಿದ್ಯಾರ್ಥಿಗಳ ಈ ಅಸಮಾಧಾನ ಹಳ್ಳಿಗೆ ಪೂರ್ತಿ ಇಳಿದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ. ಬರ್ಮಾದ ಅಕ್ಕಿ ನಿಂತಿತು, ಬಂಗಾಳದಲ್ಲಿ 1943ರಲ್ಲಿ ಜನ ಬೀದಿಯಲ್ಲಿ ಸತ್ತರು. ಎಲ್ಲ ಸರ್ಕಾರಗಳೂ ಧಾನ್ಯ ಕೂಡಿಡಲು ಹೊರಟವು. ಹೈದರಾಬಾದ್ ಸರ್ಕಾರ ಕಡ್ಡಾಯ ಲೆವಿ ತಂದು, ಸಂಗ್ರಹದ ಕೆಲಸವನ್ನು ಹೈದರಾಬಾದ್ ಕಮರ್ಷಿಯಲ್ ಕಾರ್ಪೊರೇಷನ್ನಿಗೆ ಒಪ್ಪಿಸಿತು. ಕಾಗದದ ಮೇಲೆ ಇದು ನ್ಯಾಯವೇ. ಹಸಿದ ಪಟ್ಟಣಕ್ಕೆ ಹಳ್ಳಿ ಜೋಳ ಕೊಡಬೇಡವೇ?

ತೊಂದರೆ ಇದ್ದದ್ದು ಅಳತೆಯಲ್ಲಿ. ಲೆವಿ ನಿಂತದ್ದು ಬೆಳೆಯ ಮೇಲಲ್ಲ, ಹೊಲದ ಎಕರೆಯ ಮೇಲೆ. ಔರಾದ ಕಡೆಯ ತೆಳು ಮಣ್ಣಿನಲ್ಲಿ ಮಳೆ ಕೈಕೊಟ್ಟರೆ ಬಿತ್ತಿದ್ದೂ ಬರುವುದಿಲ್ಲ. ಎಕರೆ ಮಾತ್ರ ಎಕರೆಯೇ. ಲೆಕ್ಕ ಬರೆಯುವವರು ಪಟೇಲ, ಪಟವಾರಿ. ದೊಡ್ಡ ಹಿಡುವಳಿದಾರನ ಹೊಲ ಕಾಗದದಲ್ಲಿ ಕುಗ್ಗುವುದಕ್ಕೂ, ಸಣ್ಣವನ ಹೊಲ ಹಿಗ್ಗುವುದಕ್ಕೂ ಅವರ ಲೆಕ್ಕಣಿಕೆ ಸಾಕು. ಸರ್ಕಾರದ ಖರೀದಿ ದರ ಪೇಟೆಯ ದರಕ್ಕಿಂತ ಬಹಳ ಕಡಿಮೆ. ಲೆವಿ ಪೂರೈಸಲು ಧಾನ್ಯ ಸಾಲದ ರೈತ ಪೇಟೆಯಲ್ಲಿ ದುಬಾರಿ ಬೆಲೆಗೆ ಜೋಳ ಕೊಂಡು ಸರ್ಕಾರಕ್ಕೆ ಅಗ್ಗದ ಬೆಲೆಗೆ ಮಾರಬೇಕಾದ ಪ್ರಸಂಗಗಳಿದ್ದವು. ಹಗೇವಿನಲ್ಲಿ ಮುಂದಿನ ವರ್ಷಕ್ಕೆಂದು ಹೂತಿಟ್ಟ ಜೋಳ ಅಪರಾಧವಾಯಿತು.

ನಾಕೆಯ ಸುಂಕ ವ್ಯಾಪಾರಿಯನ್ನು ಮುಟ್ಟಿತ್ತು, ಗಸ್ತಿ ಓದು ಬಲ್ಲವನನ್ನು ಮುಟ್ಟಿತ್ತು. ಲೆವಿ ಒಲೆಯನ್ನೇ ಮುಟ್ಟಿತು. ಇಲ್ಲಿ ಜಾತಿ, ಮತಗಳ ಭೇದವೇನೂ ಇರಲಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಎರಡೆಕರೆಯ ಮುಸ್ಲಿಂ ರೈತನ ಕಣದಿಂದಲೂ ಜೋಳ ಹೋಯಿತು. ಪಟೇಲ, ಪಟವಾರಿ, ದೇಶಮುಖ, ಗುತ್ತೇದಾರರಲ್ಲಿ ಹೆಚ್ಚಿನವರು ಹಿಂದೂಗಳೇ. ಹಿಂಡುವ ಯಂತ್ರದಲ್ಲಿ ಎರಡೂ ಕಡೆಯ ಕೈಗಳಿದ್ದವು, ಹಿಂಡಿಸಿಕೊಂಡವರಲ್ಲೂ ಎರಡೂ ಕಡೆಯವರಿದ್ದರು. ತೆಲಂಗಾಣದಲ್ಲಿ 1946ರಿಂದ ರೈತರು ದೇಶಮುಖರ ವಿರುದ್ಧವೇ ಆಯುಧ ಹಿಡಿದಾಗ ಅವರ ಕೂಗುಗಳಲ್ಲಿ ಬಿಟ್ಟಿ ಮತ್ತು ಲೆವಿ ಎರಡೂ ಸೇರಿದ್ದವು.

ಕೊನೆಯ ಹದಿಮೂರು ತಿಂಗಳು

1946ರ ಜುಲೈನಲ್ಲಿ ಸ್ಟೇಟ್ ಕಾಂಗ್ರೆಸ್ಸಿನ ಮೇಲಿನ ನಿಷೇಧ ತೆಗೆದರು. ಸ್ವಾಮಿ ರಮಾನಂದ ತೀರ್ಥರ ನೇತೃತ್ವದಲ್ಲಿ 1947ರ ಆಗಸ್ಟ್ 7ರಂದು ಭಾರತ ಒಕ್ಕೂಟ ಸೇರುವ ದಿನಾಚರಣೆ, 15ರಂದು ಅವರ ಬಂಧನ. ಚಳವಳಿ ಯಾವ ರೂಪ ತಾಳಿತು ಎಂಬುದನ್ನು ಗಮನಿಸಿದರೆ ಈ ಲೇಖನದ ಮಾತು ಸ್ಪಷ್ಟವಾಗುತ್ತದೆ. ಜನ ಅರಮನೆಗಳಿಗೆ ನುಗ್ಗಲಿಲ್ಲ. ಈಚಲ ಮರಗಳನ್ನು ಕಡಿದರು: ಅದು ಆಬಕಾರಿಯ ಬೇರು. ಲೆವಿ ಕೊಡುವುದಿಲ್ಲ ಎಂದರು. ಗಡಿಯ ಕರೋಡಗಿರಿ ನಾಕೆಗಳಿಗೆ ಬೆಂಕಿ ಇಟ್ಟರು. ಚಾವಡಿಯ ದಫ್ತರಗಳನ್ನು ಸುಟ್ಟರು. ಮುಂಡರಗಿ, ಗಜೇಂದ್ರಗಡ, ಸೊಲ್ಲಾಪುರ ಮುಂತಾದ ಕಡೆ ಗಡಿಯಾಚೆ ಶಿಬಿರಗಳು ಎದ್ದವು, ಅಲ್ಲಿಂದ ಬಂದವರ ಗುರಿಯೂ ಬಹುಮಟ್ಟಿಗೆ ಇವೇ. ಎಪ್ಪತ್ತೆಂಬತ್ತು ವರ್ಷಗಳಿಂದ ಯಾವ ಯಾವ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರೋ ಆ ಬಾಗಿಲುಗಳನ್ನು ಒಂದೊಂದಾಗಿ ಕಿತ್ತರು.

ಸರ್ಕಾರ ಮತ್ತೆ ಕಾಯಿದೆಯಿಂದಲೇ ಉತ್ತರ ಕೊಟ್ಟಿತು. 1947ರ ನವೆಂಬರ್ 29ರಂದು ಭಾರತದೊಡನೆ ಯಥಾಸ್ಥಿತಿ ಒಪ್ಪಂದವಾಯಿತು. ಅದರ ಬೆನ್ನಲ್ಲೇ ಚಿನ್ನ ಬೆಳ್ಳಿ ಹೊರಗೆ ಹೋಗಕೂಡದು, ಭಾರತದ ರೂಪಾಯಿ ಸಂಸ್ಥಾನದಲ್ಲಿ ಚಲಾವಣೆಯಾಗಕೂಡದು ಎಂಬ ಆಜ್ಞೆಗಳು ಬಂದವು. ಸೊಲ್ಲಾಪುರ, ಲಾತೂರುಗಳ ಪೇಟೆ ನಂಬಿದ್ದವರಿಗೆ ಇದು ಕುತ್ತಿಗೆಗೆ ಬಿದ್ದ ಹಗ್ಗ. ಅತ್ತ ಭಾರತದ ಕಡೆಯಿಂದ ಸರಕಿನ ತಡೆ. ನಡುವೆ ರಜಾಕಾರರು. ತೆರಿಗೆ ಎತ್ತಲು ಇದ್ದ ಕಾನೂನಿನ ಮುಖವಾಡವೂ ಈಗ ಕಳಚಿತು. 1948ರ ಮೇ ತಿಂಗಳಲ್ಲಿ ಇಂದಿನ ಬಸವಕಲ್ಯಾಣ ಸೀಮೆಯ ಗೋರ್ಟಾ ಹಳ್ಳಿಯಲ್ಲಿ ರಜಾಕಾರರು ನಡೆಸಿದ ಕಗ್ಗೊಲೆಯನ್ನು ಈ ಜಿಲ್ಲೆ ಮರೆತಿಲ್ಲ. ಅವರನ್ನು ಬರಹದಲ್ಲಿ ವಿರೋಧಿಸಿದ ‘ಇಮ್ರೋಜ್’ ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅದೇ ವರ್ಷ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಹತರಾದರು.

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದಿಂದ ಹೊರಟು ಬಂದದ್ದು ನಳದುರ್ಗ, ಹುಮನಾಬಾದ್, ಜಹೀರಾಬಾದಿನ ಹಾದಿಯಲ್ಲೇ. ವ್ಯಾಪಾರಿಗಳ ಬಂಡಿಗಳು ನಿಂತು ಸುಂಕ ಕಟ್ಟುತ್ತಿದ್ದ ಹಾದಿ ಅದು. ಐದು ದಿನಗಳಲ್ಲಿ ಎಲ್ಲ ಮುಗಿಯಿತು.

ಮುಗಿಯದೆ ಉಳಿದದ್ದನ್ನು ಧ್ವಜಾರೋಹಣದ ಭಾಷಣಗಳಲ್ಲಿ ಹೇಳುವುದು ಕಡಿಮೆ. ಸೈನ್ಯ ಬಂದ ನಂತರದ ವಾರಗಳಲ್ಲಿ ಸೇಡು ಹೊರಟಿತು. ಕಾರ್ಪೊರೇಷನ್ನಿನ ಗೋದಾಮಿನವರೂ, ಜಾಗೀರಿನ ಕಾರಭಾರಿಗಳೂ ಕೈಗೆ ಸಿಗಲಿಲ್ಲ. ಸಿಕ್ಕವರು ನೆರೆಯ ಓಣಿಯ ಮುಸ್ಲಿಮರು. ಪಂಡಿತ ಸುಂದರಲಾಲ್ ಮತ್ತು ಕಾಜಿ ಅಬ್ದುಲ್ ಗಫಾರರು ಭಾರತ ಸರ್ಕಾರದ ಪರವಾಗಿ ಸುತ್ತಾಡಿ ಕೊಟ್ಟ ವರದಿ ಅತಿ ಹೆಚ್ಚು ಹಾನಿಯಾದ ಜಿಲ್ಲೆಗಳೆಂದು ಉಸ್ಮಾನಾಬಾದ್, ಕಲಬುರ್ಗಿ, ನಾಂದೇಡ್‌ಗಳ ಜೊತೆ ಬೀದರವನ್ನೂ ಹೆಸರಿಸಿತು. ಸಂಸ್ಥಾನದಲ್ಲಿ ಒಟ್ಟು ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅವರ ಅಂದಾಜು. ಆ ವರದಿ ಸಾರ್ವಜನಿಕರ ಕೈಗೆ ಸಿಕ್ಕಿದ್ದು 2013ರಲ್ಲಿ. ಲೆವಿಗೆ ಜೋಳ ಕೊಟ್ಟು ಬರಿಗೈಯಾಗಿದ್ದ ರೈತ, ಸೇಡಿನ ದಿನಗಳಲ್ಲಿ ಗುಡಿಸಲು ಕಳೆದುಕೊಂಡ ರೈತ, ಎಷ್ಟೋ ಕಡೆ ಒಬ್ಬನೇ ಆಗಿದ್ದ.

ಜನ ಯಾವುದಕ್ಕಾಗಿ ಎದ್ದಿದ್ದರೋ ಆ ಸಂಗತಿಗಳು ತಮ್ಮ ತಮ್ಮ ವೇಗದಲ್ಲಿ ಇತ್ಯರ್ಥವಾದವು. ಜಾಗೀರುಗಳು 1949ರ ಆಗಸ್ಟಿನ ನಿಯಮದಿಂದ ಹೋದವು. ಗೇಣಿದಾರರ ಕಾಯಿದೆ 1950ರಲ್ಲಿ ಬಂತು. ದೇಶದಲ್ಲಿ ಆಹಾರದ ಕೊರತೆ ಇದ್ದುದರಿಂದ ಲೆವಿ ಮಾತ್ರ ಹೊಸ ಸರ್ಕಾರದ ಕೆಳಗೂ ಕೆಲವು ವರ್ಷ ನಡೆಯಿತು, ಅದೇ ಪಟವಾರಿಯ ಲೆಕ್ಕಣಿಕೆಯಿಂದ. ಉಸ್ಮಾನಿಯಾ ನೋಟುಗಳು 1950ರ ದಶಕದ ಮಧ್ಯದವರೆಗೆ ಓಡಾಡಿದವು. 1956ರಲ್ಲಿ ಜಿಲ್ಲೆಯೇ ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ಮುಂಬಯಿ ಕಡೆಗೆ, ನಾರಾಯಣಖೇಡ, ಜಹೀರಾಬಾದ್ ಆಂಧ್ರದ ಕಡೆಗೆ, ಬೀದರ, ಭಾಲ್ಕಿ, ಔರಾದ, ಹುಮನಾಬಾದ್ ಮೈಸೂರು ರಾಜ್ಯಕ್ಕೆ. ಕಚೇರಿಯ ಭಾಷೆ ಕನ್ನಡವಾಯಿತು. ಹಳೆಯ ದಫ್ತರ ಹಾಗೆಯೇ ಉಳಿಯಿತು. ಇವತ್ತಿಗೂ ಬೀದರದ ಕೋರ್ಟಿನಲ್ಲಿ ಅಜ್ಜನ ಕಾಲದ ಹೊಲದ ತಕರಾರು ಎದ್ದರೆ, ಫಸಲಿ ಇಸವಿ ಹಾಕಿದ ಉರ್ದು ಕಾಗದವನ್ನು ಓದಿಹೇಳಬಲ್ಲ ಮುದುಕರೊಬ್ಬರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ.